ಹಲಗೆ ತೆಗೆಯುವ ದಿನ

ಎಲ್ಲರಿಗೂ ನಮಸ್ಕಾರ. ಯುವಕ ಮಂಡಲ ನಡೆಸುವ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಮೂವತ್ತು ವರ್ಷ ಮಾಡಿದ ಮೇಲೂ ನನಗೆ ಚೆನ್ನಾಗಿ ಗೊತ್ತಿರುವುದು ಹಲಗೆಯ ವಿಷಯ ಮಾತ್ರ. ಅದನ್ನೇ ಹೇಳುತ್ತೇನೆ.

ಉಡುಪಿ ಜಿಲ್ಲೆಯ ಹಿರಿಯಡ್ಕದ ಆಚೆ ನಮ್ಮೂರು. ಅಲ್ಲೊಂದು ತೋಡು, ಮುಂದೆ ಹೋಗಿ ಸ್ವರ್ಣಾ ನದಿ ಸೇರುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಆದರೂ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ, ಅಲ್ವಾ? ಬಂದ ನೀರೆಲ್ಲ ಓಡಿ ಸಮುದ್ರ ಸೇರುತ್ತದೆ. ಅದಕ್ಕೇ ಕಿಂಡಿ ಅಣೆಕಟ್ಟು, ಅಂದರೆ ತೋಡಿಗೆ ಅಡ್ಡ ಕಟ್ಟಿದ, ನಡುನಡುವೆ ಕಿಂಡಿ ಬಿಟ್ಟ ಸಣ್ಣ ಕಟ್ಟೆ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಬೇಕು. ನೀರು ನಿಂತರೆ ತೋಟ ಉಳಿಯುತ್ತದೆ, ಬಾವಿ ಉಳಿಯುತ್ತದೆ. ಭತ್ತದ ಎರಡನೇ ಬೆಳೆ ಸುಗ್ಗಿ ಆಗುತ್ತದೆ, ಧೈರ್ಯ ಇದ್ದವರು ಮೂರನೇ ಬೆಳೆ ಕೊಳಕೆಯನ್ನೂ ಮಾಡುತ್ತಾರೆ.

ಹಲಗೆ ಹಾಕುವ ದಿನ ನಮ್ಮಲ್ಲಿ ಹಬ್ಬ. ನಲವತ್ತು ಜನ ಬರುತ್ತಾರೆ. ಅವಲಕ್ಕಿ, ಚಹಾ, ಬ್ಯಾನರ್, ಮರುದಿನ ಪೇಪರಲ್ಲಿ ಫೋಟೊ. ಮಳೆಗಾಲಕ್ಕೆ ಮೊದಲು ಅದನ್ನು ತೆಗೆಯಲೂ ಬೇಕು. ತೆಗೆಯುವ ದಿನ? ನಾಲ್ಕು ಜನ.

ಒಂದು ವರ್ಷ ಆ ನಾಲ್ಕೂ ಇರಲಿಲ್ಲ. ನಾನೇ ಅಧ್ಯಕ್ಷ. ಹುಡುಗರನ್ನು ಕಟ್ಟಿಕೊಂಡು ವಾಲಿಬಾಲ್ ಪಂದ್ಯಕ್ಕೆ ಮಂಗಳೂರಿಗೆ ಹೋಗಿದ್ದೆ. ಬಂದು ತೆಗೆದರಾಯ್ತು ಅಂತ ಸುಮ್ನೆ ಬಿಟ್ಟಿದ್ದೆ. ಮಳೆ ಮೇ ಕೊನೆಗೇ ಹಿಡಿಯಿತು. ಕಸ, ಕೊಂಬೆ ಎಲ್ಲ ಬಂದು ಹಲಗೆಗೆ ಅಡ್ಡ ಕೂತಿತು. ನೀರಿಗೆ ದಾರಿ ಬೇಕಲ್ಲ, ಬದಿಯ ದಂಡೆಯನ್ನೇ ಕೊರೆದು ಗದ್ದೆಗೆ ನುಗ್ಗಿತು. ಒಬ್ಬ ಅಜ್ಜಿ ನೇಜಿಗೆ, ಅಂದರೆ ನಾಟಿಯ ಸಸಿಗೆ, ಹಾಕಿದ ಬಿತ್ತವೆಲ್ಲ ಹೋಯಿತು. ಅಜ್ಜಿ ಬೈಯಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ಗದ್ದೆ ತೋರಿಸಿದರು, ಅಷ್ಟೇ. ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು.

ಆ ಸಂಜೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೊದಲು ನೀರಿಗಿಳಿದದ್ದು ಮುಂಬೈ ಹೋಟೆಲಿನಿಂದ ರಜೆಗೆ ಬಂದಿದ್ದ ಒಬ್ಬ ಹುಡುಗ. ಮಂಡಲದ ಸಭೆಗಳಲ್ಲಿ ಹಿಂದಿನ ಬೆಂಚಲ್ಲಿ ಕೂತು ಏನೂ ಮಾತಾಡದೆ ಹೋಗುತ್ತಿದ್ದವನು. ಅವನ ಹೆಸರು ನನಗೆ ಸರಿಯಾಗಿ ನೆನಪೂ ಇರಲಿಲ್ಲ. ಒಳ್ಳೆ ಭಾಷಣ ಮಾಡುವವರನ್ನೇ ಹುಡುಕಿ ಕಾರ್ಯದರ್ಶಿ ಮಾಡುತ್ತಿದ್ದೆ ನೋಡಿ, ನನಗೆ ಅವನು ಕಂಡದ್ದೇ ಅವತ್ತು.

ಅವನು ಕೆಲಸ ಬಿಟ್ಟು ಊರಿಗೆ ಬಂದ ವರ್ಷವೇ ಕೋಶಾಧಿಕಾರಿ ಮಾಡಿದೆವು. ಕೆಲವರಿಗೆ ಅಸಮಾಧಾನ ಇತ್ತು. ಆದರೆ ಲೆಕ್ಕವೂ ಹಲಗೆ ತೆಗೆಯುವ ಕೆಲಸದ ಹಾಗೆಯೇ. ಮೊಸರು ಕುಡಿಕೆಗೆ ಚಂದಾ ಎತ್ತಲು ಎಲ್ಲರೂ ಬರುತ್ತಾರೆ, ಶಾಮಿಯಾನದವನಿಗೆ ಬಾಕಿ ಎಷ್ಟು ಅಂತ ಬರೆದಿಡಲು ಯಾರೂ ಇಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ ಮೇಲೆ ವರ್ಷ ವರ್ಷ ಲೆಕ್ಕ ಕೊಡಲೇಬೇಕು. ಎಷ್ಟೋ ಮಂಡಲಗಳು ಮುಚ್ಚಿದ್ದು ಜಗಳ ಆಡಿ ಅಲ್ಲ, ಈ ಉದಾಸೀನದಿಂದಲೇ. ಆ ಹುಡುಗ ರಶೀದಿಗಳನ್ನು ಬಿಸ್ಕತ್ ಡಬ್ಬಿಯಲ್ಲಿ ತಿಂಗಳ ಪ್ರಕಾರ ಕಟ್ಟಿಡುತ್ತಿದ್ದ. ಈಗ ಅವನೇ ಅಧ್ಯಕ್ಷ. ಭಾಷಣ ಇನ್ನೂ ಬರುವುದಿಲ್ಲ, ಅದಕ್ಕೇ ಇವತ್ತು ನನ್ನನ್ನು ಕಳಿಸಿದ್ದಾನೆ.

ಈ ಸಲ ಮೇ ಎರಡನೇ ಭಾನುವಾರ ಹಲಗೆ ತೆಗೆಯುತ್ತೇವೆ, ಬೆಳಿಗ್ಗೆ ಏಳಕ್ಕೆ. ಗಂಜಿ, ಚಟ್ನಿ ಉಂಟು. ಗಟ್ಟಿ ಹಗ್ಗ ಇದ್ದವರು ತನ್ನಿ, ನಮ್ಮದು ಹಳತಾಗಿದೆ.