ಪೋಲಿಯೋ ಕೆಲಸದಲ್ಲಿ ಶಾಲಾ ಮಕ್ಕಳು: ಹಣ ಎತ್ತುವುದು, ಮನೆಮನೆ ಕರೆಯುವುದು

ಶಿಕ್ಷಕ ಬಂಧುಗಳೇ, ರೋಟರಿ ಸೇವಾ ಸಂಸ್ಥೆಯ ಶಾಲಾ ಬಳಗವಾದ ಇಂಟರಾಕ್ಟ್ ಕ್ಲಬ್ಬಿನ ಮಕ್ಕಳೇ,

ಮೊದಲಿಗೇ ಒಂದು ಕಟ್ಟುನಿಟ್ಟಿನ ಮಾತು. ಪಲ್ಸ್ ಪೋಲಿಯೋ ಭಾನುವಾರದಂದು, ಅದರ ಹಿಂದುಮುಂದಿನ ವಾರಗಳಲ್ಲಿ ಮಕ್ಕಳ ಕೈಯಲ್ಲಿ ಹಣದ ಡಬ್ಬಿ ಇರಕೂಡದು. ನಮ್ಮಲ್ಲಿ ಪೋಲಿಯೋ ಹನಿ ಪೂರ್ತಿ ಉಚಿತ. ಹನಿ ಹಾಕಿಸಿ ಎಂದು ಕೂಗುವ ಹುಡುಗನೇ ಡಬ್ಬಿಯನ್ನೂ ಮುಂದೆ ಹಿಡಿದರೆ, ‘ಹನಿಗೆ ದುಡ್ಡು ಕೇಳ್ತಿದ್ದಾರಂತೆ’ ಎಂಬ ಸುದ್ದಿ ಸಂಜೆಯೊಳಗೆ ಕೇರಿಯೆಲ್ಲ ಹಬ್ಬುತ್ತದೆ. ಕೂಲಿ ಮಾಡುವ ತಾಯಿ ಆಮೇಲೆ ಬೂತಿನ ಕಡೆ ತಲೆಹಾಕುವುದಿಲ್ಲ. ಹಣ ಎತ್ತುವುದಕ್ಕೆ ಒಂದು ಕಾಲ, ಜನರನ್ನು ಕರೆಯುವುದಕ್ಕೆ ಬೇರೊಂದು ಕಾಲ ಎಂದು ಇಟ್ಟುಕೊಳ್ಳಿ. ಅಕ್ಟೋಬರ್ 24 ವಿಶ್ವ ಪೋಲಿಯೋ ದಿನ. ಹತ್ತಿರದಲ್ಲಿ ಲಸಿಕೆ ಸುತ್ತು ಇಲ್ಲದಿದ್ದರೆ ಹಣದ ಕೆಲಸಕ್ಕೆ ಆ ವಾರ ಹೊಂದುತ್ತದೆ.

ಮಕ್ಕಳ ಚಿಲ್ಲರೆಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ಮುಂದೆ ಅಮೆರಿಕದ ಅಧ್ಯಕ್ಷರಾದ ರೂಸ್‌ವೆಲ್ಟ್ ಅವರ ಕಾಲುಗಳು 1921ರಲ್ಲಿ ಸ್ವಾಧೀನ ತಪ್ಪಿದವು. ಅದು ಪೋಲಿಯೋ ಎಂದೇ ವೈದ್ಯರು ಹೇಳಿದ್ದರು. ಅವರು ಅಧ್ಯಕ್ಷರಾಗಿದ್ದಾಗ, 1938ರ ಜನವರಿಯಲ್ಲಿ ರೇಡಿಯೋ ಕಲಾವಿದ ಎಡ್ಡೀ ಕ್ಯಾಂಟರ್, ಪೋಲಿಯೋ ವಿರುದ್ಧದ ಹೋರಾಟಕ್ಕೆ ಪ್ರತಿಯೊಬ್ಬರೂ ಹತ್ತು ಸೆಂಟಿನ ಒಂದೊಂದು ನಾಣ್ಯವನ್ನು ನೇರವಾಗಿ ಅಧ್ಯಕ್ಷರ ಶ್ವೇತಭವನಕ್ಕೆ ಕಳಿಸಿ ಎಂದು ಕರೆ ಕೊಟ್ಟರು. ಬಂದು ಬಿದ್ದದ್ದು 26 ಲಕ್ಷಕ್ಕೂ ಹೆಚ್ಚು ನಾಣ್ಯ. ಹೀಗೆ ಬೆಳೆದ ನಿಧಿಯೇ ವಿಜ್ಞಾನಿ ಜೋನಾಸ್ ಸಾಕ್ ಅವರ ಪೋಲಿಯೋ ಲಸಿಕೆಗೆ ಬೆನ್ನೆಲುಬಾಯಿತು. 1954ರಲ್ಲಿ ಆ ಲಸಿಕೆಯ ಪರೀಕ್ಷೆಯಲ್ಲಿ ಪಾಲ್ಗೊಂಡವರು ಸುಮಾರು 18 ಲಕ್ಷ ಶಾಲಾ ಮಕ್ಕಳು. ಈಗ ಪೋಲಿಯೋ ನಿರ್ಮೂಲನೆಗೆಂದೇ ಇರುವ ರೋಟರಿಯ ಪೋಲಿಯೋಪ್ಲಸ್ ನಿಧಿಗೆ ಸೇರುವ ಪ್ರತಿ ಡಾಲರಿಗೆ ಗೇಟ್ಸ್ ಪ್ರತಿಷ್ಠಾನ ಎರಡು ಡಾಲರ್ ಕೂಡಿಸುತ್ತದೆ, ವರ್ಷಕ್ಕೆ 5 ಕೋಟಿ ಡಾಲರಿನ ಮಿತಿಯೊಳಗೆ.

ಹಣಕ್ಕೆ ನಮ್ಮ ಶಾಲೆಗಳಿಗೆ ಒಗ್ಗುವ ದಾರಿ ಮಕ್ಕಳ ಸಂತೆ. ಮಕ್ಕಳನ್ನು ಸಿಗ್ನಲ್ಲಿಗೆ, ಗುರುತಿಲ್ಲದ ಮನೆಗಳಿಗೆ ಕಳಿಸುವುದು ಬೇಡವೇ ಬೇಡ. ಸಂತೆಯಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ವ್ಯಾಪಾರವನ್ನೇ ಲಾಭ ಎಂದುಕೊಳ್ಳುವುದು. ನೂರು ಲೋಟ ನಿಂಬೆ ಪಾನಕ ಹತ್ತು ರೂಪಾಯಿಯಂತೆ ಹೋದರೆ ಗಲ್ಲಾಪೆಟ್ಟಿಗೆಯಲ್ಲಿ 1,000 ರೂಪಾಯಿ. ನಿಂಬೆಹಣ್ಣು, ಸಕ್ಕರೆ, ಲೋಟಕ್ಕೆ 450 ಖರ್ಚಾಗಿದ್ದರೆ ನಿಧಿಗೆ ಹೋಗಬೇಕಾದದ್ದು 550. ಸಕ್ಕರೆಯನ್ನು ಯಾರದೋ ಅಮ್ಮ ಕೊಟ್ಟಿದ್ದರೆ ಅದನ್ನು ವಸ್ತುರೂಪದ ಕೊಡುಗೆ ಎಂದು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಬಂಡವಾಳ ಎಷ್ಟು ಬೇಕೆಂಬ ಅಂದಾಜೇ ಸಿಗುವುದಿಲ್ಲ.

ಡಬ್ಬಿ ಇಡುವುದಾದರೆ ಪ್ರತಿಯೊಂದಕ್ಕೂ ನಂಬರ್ ಹಾಕಿ. ಮುಚ್ಚಳದ ಮೇಲೆ ಕಾಗದ ಅಂಟಿಸಿ ಇಬ್ಬರು ಸಹಿ ಮಾಡಿ. ಒಬ್ಬ ಶಿಕ್ಷಕರು, ಒಬ್ಬ ಪೋಷಕರು, ಇಬ್ಬರು ಮಕ್ಕಳು ಒಟ್ಟಿಗೆ ಕೂತು ಅಂದೇ ಎಣಿಸಿ, ಮೊತ್ತವನ್ನು ಬೋರ್ಡಿನ ಮೇಲೆ ಬರೆಯಬೇಕು. ಮಾರನೆಯ ದಿನ ಹಣ ಬ್ಯಾಂಕಿಗೆ, ರಸೀದಿ ನೋಟಿಸ್ ಬೋರ್ಡಿಗೆ. ಯಾವ ಮಗು ಎಷ್ಟು ತಂದಿತು ಎಂಬ ಪಟ್ಟಿ ಮಾತ್ರ ಎಲ್ಲೂ ಹಾಕಬೇಡಿ. ಹೆಚ್ಚು ತಂದವರಿಗೆ ಬಹುಮಾನ ಕೊಟ್ಟರೆ ಅದು ಅಪ್ಪನ ಜೇಬಿಗೆ ಕೊಟ್ಟ ಬಹುಮಾನ.

ಹಣಕ್ಕಿಂತ ದೊಡ್ಡ ಕೆಲಸ ಕರೆಯುವುದು. ಉತ್ತರ ಪ್ರದೇಶದಲ್ಲಿ ಪೋಲಿಯೋ ಬಿಗಿಯಾಗಿ ಬೇರೂರಿದ್ದಾಗ ‘ಬುಲಾವಾ ಟೋಲಿ’ ಎಂಬ ಮಕ್ಕಳ ಗುಂಪುಗಳು ಬೂತಿನ ದಿನ ಗಲ್ಲಿಗಲ್ಲಿ ಸುತ್ತಿ ಮನೆಯವರನ್ನು ಎಬ್ಬಿಸಿ ಕರೆಯುತ್ತಿದ್ದವು. ಯಾರ ಮನೆಯಲ್ಲಿ ಹಸುಗೂಸಿದೆ, ಯಾರ ಮನೆಗೆ ನೆಂಟರ ಮಗು ಬಂದಿದೆ ಎಂಬುದು ಆ ಬೀದಿಯಲ್ಲೇ ಆಡುವ ಮಕ್ಕಳಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಶನಿವಾರ ಬ್ಯಾನರ್ ಹಿಡಿದು ಮುಖ್ಯರಸ್ತೆಯಲ್ಲಿ ಜಾಥಾ ಮಾಡಿ, ಫೋಟೋ ತೆಗೆಸಿ ಮುಗಿಸುತ್ತೇವೆ. ಮುಖ್ಯರಸ್ತೆಯ ಮನೆಗಳಿಗೆ ವಿಷಯ ಹೇಗೂ ತಿಳಿದಿರುತ್ತದೆ. ತಪ್ಪಿಹೋಗುವ ಮಕ್ಕಳು ಇರುವುದು ಕಟ್ಟಡ ಕೆಲಸದ ಶೆಡ್ಡುಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ, ಕಬ್ಬು ಕಡಿಯುವವರ ಗುಡಿಸಲುಗಳಲ್ಲಿ, ಅಲೆಮಾರಿಗಳ ಟೆಂಟುಗಳಲ್ಲಿ. ಗೇಟಿನಲ್ಲೇ ವಾಚ್‌ಮನ್ ತಡೆಯುವ ಅಪಾರ್ಟ್‌ಮೆಂಟುಗಳನ್ನೂ ಈ ಪಟ್ಟಿಗೆ ಸೇರಿಸಿ.

ಎರಡು ವಾರ ಮುಂಚೆಯೇ ಆಶಾ ಕಾರ್ಯಕರ್ತೆಯ ಜೊತೆ ಕೂತು ಬೂತು ಎಲ್ಲಿ, ಅದಕ್ಕೆ ಯಾವ ಓಣಿಗಳು ಎಂದು ಬರೆದುಕೊಳ್ಳಿ. ಐದಾರು ಮಕ್ಕಳಿಗೆ ಒಬ್ಬ ಶಿಕ್ಷಕರು. ಅವರವರ ಓಣಿ ಅವರವರಿಗೆ. ಭಾನುವಾರ ಬೆಳಿಗ್ಗೆ ಒಂದು ಸುತ್ತು, ಹನ್ನೊಂದರ ಹೊತ್ತಿಗೆ ಬೂತಿಗೆ ಬಾರದವರ ಮನೆಗೆ ಮತ್ತೊಂದು ಸುತ್ತು. ಹನಿ ಹಾಕುವುದು, ಲಸಿಕೆ ಪೆಟ್ಟಿಗೆ ಹೊರುವುದು ಮಕ್ಕಳ ಕೆಲಸವಲ್ಲ.

ಬಾಗಿಲಲ್ಲಿ ಕೇಳಿಬರುವ ಮಾತುಗಳಿಗೆ ಉತ್ತರ ಬಾಯಿಪಾಠ ಆಗಿರಲಿ. ‘ಮಗು ಹುಟ್ಟಿ ನಾಲ್ಕೇ ದಿನ’ ಎಂದರೆ, ಹುಟ್ಟಿದ ದಿನವೇ ಹಾಕಬಹುದು. ‘ನೆಗಡಿ, ಸಣ್ಣ ಜ್ವರ’ ಎಂದರೆ, ಅಡ್ಡಿಯಿಲ್ಲ. ‘ಹೋದ ಸಲವೇ ಹಾಕಿಸಿದ್ದೇವೆ, ಇಂಜೆಕ್ಷನ್ನೂ ಆಗಿದೆ’ ಎಂದರೆ, ಐದು ವರ್ಷ ತುಂಬುವವರೆಗೆ ಪ್ರತಿ ಸುತ್ತಿನಲ್ಲೂ ಎರಡು ಹನಿ ಬೇಕು. ಇದಕ್ಕೆ ಕಾರಣವನ್ನೂ ಮಕ್ಕಳು ತಿಳಿದಿರಬೇಕು. ವೈರಸ್ ಬೆಳೆಯುವುದು ಕರುಳಿನಲ್ಲಿ, ಹರಡುವುದು ಮಲದ ಮೂಲಕ. ಇಂಜೆಕ್ಷನ್ ಆ ಮಗುವಿಗೆ ಪಾರ್ಶ್ವವಾಯು ಬಾರದಂತೆ ಕಾಯುತ್ತದೆ. ಕರುಳಿನಲ್ಲೇ ವೈರಸ್ಸನ್ನು ತಡೆಯುವ ಶಕ್ತಿ ಹನಿಗೆ ಹೆಚ್ಚು. ಒಂದೇ ಸಲಕ್ಕೆ ಎಲ್ಲ ಮಕ್ಕಳ ಕರುಳಿಗೂ ಅದು ಹತ್ತುವುದಿಲ್ಲ, ಭೇದಿ ಹೆಚ್ಚಿರುವ ಕಡೆ ಇನ್ನೂ ಕಡಿಮೆ. ಅದಕ್ಕೇ ಎಲ್ಲರಿಗೂ ಒಂದೇ ಹೊತ್ತಿಗೆ, ಮತ್ತೆ ಮತ್ತೆ.

ಬೂತಿನಲ್ಲಿ ಮಕ್ಕಳಿಗೆ ಲಸಿಕೆ ಸೀಸೆಯನ್ನು ಹತ್ತಿರದಿಂದ ತೋರಿಸಲು ಕೇಳಿಕೊಳ್ಳಿ. ಅದರ ಮೇಲೊಂದು ನೇರಳೆ ವೃತ್ತ, ಒಳಗೊಂದು ಚಿಕ್ಕ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿರುವವರೆಗೆ ಲಸಿಕೆ ಬಳಸಬಹುದು. ಎರಡೂ ಒಂದೇ ಬಣ್ಣವಾದರೆ ಆ ಸೀಸೆ ಪಕ್ಕಕ್ಕೆ. ಹನಿ ಬಾಯಿಗೆ ಬಿದ್ದ ಮೇಲೆಯೇ ಎಡಗೈ ಕಿರುಬೆರಳಿಗೆ ಗುರುತು. ಮೊದಲೇ ಗುರುತು ಹಾಕಿಬಿಟ್ಟು ಮಗು ಅತ್ತು ಓಡಿಹೋದರೆ ಅದು ಲೆಕ್ಕದಲ್ಲಿ ಸೇರಿ ಲಸಿಕೆಯಿಂದ ತಪ್ಪುತ್ತದೆ. ಮುಂದಿನ ದಿನಗಳಲ್ಲಿ ಮನೆಮನೆಗೆ ಬರುವ ತಂಡ ಗೋಡೆಯ ಮೇಲೆ ‘ಪಿ’ ಅಥವಾ ‘ಎಕ್ಸ್’ ಎಂದು ಇಂಗ್ಲಿಷ್ ಅಕ್ಷರ ಬರೆದು ಹೋಗುತ್ತದೆ. ‘ಪಿ’ ಎಂದರೆ ಆ ಮನೆಯ ಮಕ್ಕಳಿಗೆಲ್ಲ ಹನಿ ಆಗಿದೆ. ‘ಎಕ್ಸ್’ ಎಂದರೆ ಅಲ್ಲಿ ಮಗು ಬಾಕಿ ಇದೆ ಅಥವಾ ಮನೆಗೆ ಬೀಗ ಹಾಕಿದೆ. ತಮ್ಮ ಓಣಿಯಲ್ಲಿ ‘ಎಕ್ಸ್’ ಇದ್ದ ಮನೆಯ ಬೀಗ ತೆರೆದದ್ದು ಕಂಡರೆ ಮಕ್ಕಳು ಆಶಾ ಅವರಿಗೆ ತಿಳಿಸಲಿ.

ಭಾರತದಲ್ಲಿ ಕೊನೆಯ ಕಾಡು ಪೋಲಿಯೋ (ಲಸಿಕೆಯಿಂದಲ್ಲದೆ, ಪ್ರಕೃತಿಯಲ್ಲಿರುವ ವೈರಸ್ಸಿನಿಂದ ಬರುವ ಪೋಲಿಯೋ) ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂತು. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಈ ಕಾಡು ವೈರಸ್ಸಿನ ಮೂರು ಬಗೆಗಳಲ್ಲಿ ಒಂದನೆಯದು ಇನ್ನೂ ಸುತ್ತುತ್ತಿದೆ. ಸೋಂಕು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಬರುವುದರಿಂದ, ಕಣ್ಣಿಗೆ ಬೀಳುವ ಹೊತ್ತಿಗೆ ಅದು ಬಹಳ ದೂರ ಹಬ್ಬಿರುತ್ತದೆ. ಹಾಗಾಗಿ ಕಾವಲು ಬಿಡುವಂತಿಲ್ಲ, ಮತ್ತು ಈ ಕಾವಲು ನಿಮ್ಮ ತರಗತಿಯೊಳಗೂ ಇದೆ. 15 ವರ್ಷದೊಳಗಿನ ಯಾವ ಮಗುವಿಗಾದರೂ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಜೋಲು ಬಿದ್ದು ಬಲ ಕಳೆದುಕೊಂಡರೆ, ಕಾರಣ ಏನೇ ಇರಲಿ, ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಬಲ ಕುಂದಿದ 14 ದಿನಗಳೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ, ಎರಡು ಸಲ ಮಲದ ಮಾದರಿ ಪಡೆದು ಐಸ್‌ನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ತಡವಾದಷ್ಟೂ ಮಲದಲ್ಲಿ ವೈರಸ್ ಸಿಗುವ ಸಾಧ್ಯತೆ ಇಳಿಯುತ್ತದೆ. ಹಾಜರಿ ಕರೆಯುವಾಗ ‘ಅವನಿಗೆ ಕಾಲು ಎತ್ತಿಡೋಕಾಗ್ತಿಲ್ಲವಂತೆ ಮಿಸ್’ ಎಂದು ಪಕ್ಕದ ಬೆಂಚಿನ ಹುಡುಗ ಹೇಳಿದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಮಗುವಿನ ಹೆಸರು, ವಯಸ್ಸು, ಮನೆಯ ಗುರುತು, ಬಲ ಕುಂದಿದ ದಿನಾಂಕ ಹೇಳಿ. 14 ದಿನಗಳ ಎಣಿಕೆ ಆ ದಿನಾಂಕದಿಂದಲೇ ಶುರು.