ಲಂಕೆಗೆ ಹೊರಡುವವರು ಮೊದಲು ಹುಣ್ಣಿಮೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಶ್ರೀಲಂಕಾ ಪ್ರವಾಸಕ್ಕೆ ಹೇಗೆ ತಯಾರಿ ಮಾಡಿಕೊಳ್ಳಬೇಕು ಅಂತ ಹೇಳಿ ಎಂದು ನಿಲಯದವರು ಕರೆದಿದ್ದಾರೆ. ಹೇಳುವುದು ಒಂದೇ ಮಾತು. ಮೊದಲು ಕ್ಯಾಲೆಂಡರ್, ಆಮೇಲೆ ಟಿಕೆಟ್. ಇದನ್ನು ಇವತ್ತು ಇನ್ನೂ ನಾಲ್ಕಾರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಜನ ಮಾಡುವುದು ತಿರುಗುಮುರುಗು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ದಾರಿ. ಗಡಿಯಾರದ ಮುಳ್ಳು ಕೂಡ ತಿರುಗಿಸಬೇಕಾಗಿಲ್ಲ, ಅಲ್ಲಿಯ ಹೊತ್ತೂ ನಮ್ಮ ಹೊತ್ತೂ ಒಂದೇ. ಇಷ್ಟು ಹತ್ತಿರ ಅಂದ ಮೇಲೆ ಯೋಚನೆ ಏನು ಬಂತು ಅಂತ ಅಗ್ಗದ ಟಿಕೆಟ್ ಕಂಡ ದಿನವೇ ಬುಕ್ ಮಾಡುತ್ತಾರೆ. ಆಮೇಲೆ ನನಗೆ ಫೋನು. "ಸಾರ್, ಟಿಕೆಟ್ ಆಗೋಯ್ತು, ಏನೇನು ನೋಡಬಹುದು ಹೇಳಿ." ಯಾವ ತಿಂಗಳು, ಆ ವಾರದಲ್ಲಿ ಹುಣ್ಣಿಮೆ ಇದೆಯಾ ಅಂತ ಕೇಳಿದರೆ ಆ ಕಡೆಯಿಂದ ಸದ್ದೇ ಇಲ್ಲ.

ಹುಣ್ಣಿಮೆ ಯಾಕೆ ಅಂತೀರಾ? ಶ್ರೀಲಂಕಾದಲ್ಲಿ ಪ್ರತಿಯೊಂದು ಹುಣ್ಣಿಮೆಯೂ ಸರ್ಕಾರಿ ರಜೆ. ಪೋಯ ದಿನ ಅಂತಾರೆ. ಅವತ್ತು ಹೆಂಡದ ಅಂಗಡಿ ಬಂದ್, ಮಾಂಸದಂಗಡಿ ಬಂದ್, ಬ್ಯಾಂಕು, ಕಚೇರಿ ಎಲ್ಲ ಬಂದ್. ದೇವಸ್ಥಾನಗಳು ಮಾತ್ರ ಕಿಕ್ಕಿರಿದಿರುತ್ತವೆ. ಎಲ್ಲ ಪೋಯಗಳೂ ಒಂದೇ ತೂಕದವಲ್ಲ. ವೈಶಾಖದ ಹುಣ್ಣಿಮೆ, ಅಂದರೆ ವೆಸಾಕ್, ಬುದ್ಧ ಹುಟ್ಟಿದ್ದು, ಜ್ಞಾನ ಪಡೆದದ್ದು, ಪರಿನಿರ್ವಾಣ ಹೊಂದಿದ್ದು ಮೂರೂ ಅವತ್ತೇ. ಕೊಲಂಬೊ ತುಂಬ ಕಾಗದದ ಗೂಡುದೀಪ. ಅದರ ಮುಂದಿನದು ಪೊಸೊನ್, ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತೆ. ಅಶೋಕನ ಮಗ ಮಹಿಂದ ಲಂಕೆಗೆ ಬೌದ್ಧ ಧರ್ಮ ತಂದ ದಿನ ಅಂತ ಅಲ್ಲಿಯವರ ನಂಬಿಕೆ. ನಮ್ಮ ಮಸ್ಕಿಯ ಬಂಡೆ ಮೇಲೆ ಹೆಸರಿರುವ ಅಶೋಕ, ಅದೇ ಅಶೋಕ. ಜಿಂಕೆ ಬೇಟೆಗೆ ಹೋಗಿದ್ದ ದೇವಾನಾಂಪಿಯ ತಿಸ್ಸ ರಾಜನನ್ನು ಮಹಿಂದ ಮಿಹಿಂತಲೆಯ ಬೆಟ್ಟದ ಮೇಲೆ ತಡೆದು, ಮಾವಿನ ಮರದ ಬಗ್ಗೆ ಒಗಟಿನಂಥ ಪ್ರಶ್ನೆ ಕೇಳಿ ಬುದ್ಧಿ ಪರೀಕ್ಷೆ ಮಾಡಿದನಂತೆ. ಆ ಬೆಟ್ಟ ಲಂಕೆಯ ಹಳೆಯ ರಾಜಧಾನಿ ಅನುರಾಧಪುರದ ಪಕ್ಕದಲ್ಲೇ ಇದೆ. ಪೊಸೊನ್ ಅಂದರೆ ದೇಶಕ್ಕೆ ದೇಶವೇ ಬಿಳಿ ಬಟ್ಟೆ ಉಟ್ಟು ಆ ಕಡೆಗೆ ಹೊರಡುತ್ತೆ.

ಇಲ್ಲಿ ನಿಮಗೆ ದಾವಣಗೆರೆಯವರ ಕಥೆ ಹೇಳಲೇಬೇಕು. ಎರಡು ಸಂಸಾರ, ಜೊತೆಗೆ ಒಬ್ಬರು ಅಜ್ಜಿ. ಜೂನ್ ಟಿಕೆಟ್ ಅಗ್ಗ ಅಂತ ತೆಗೆದುಕೊಂಡಿದ್ದರು. ನಾನು ಕ್ಯಾಲೆಂಡರ್ ತೋರಿಸಿ, ಇದು ಪೊಸೊನ್ ವಾರ, ಅನುರಾಧಪುರದಲ್ಲಿ ರೂಮು ಸಿಗಲ್ಲ, ಒಂದು ವಾರ ಮುಂದೆ ಹಾಕಿ ಅಂದೆ. ಯಜಮಾನರು, "ಏ, ಹೋಗಿ ನೋಡ್ಕೊಂಡ್ರಾತು ಬಿಡ್ರಿ ಸಾರ್" ಅಂದರು. ನೀವೂ ಬನ್ನಿ ಅಂತ ಒತ್ತಾಯ ಬೇರೆ. ಹೋದೆ.

ದಂಬುಲ್ಲದಿಂದ ಅನುರಾಧಪುರಕ್ಕೆ ಬೇರೆ ದಿನವಾದರೆ ಒಂದೂವರೆ ಗಂಟೆ. ಅವತ್ತು ಬೆಳಿಗ್ಗೆ ತಿಂಡಿ ತಿಂದು ಹೊರಟವರಿಗೆ ಮಧ್ಯಾಹ್ನ ಕಳೆದರೂ ಊರು ಕಾಣಲಿಲ್ಲ. ರಸ್ತೆ ತುಂಬ ಬಸ್ಸು, ಲಾರಿ, ಟ್ರ್ಯಾಕ್ಟರು, ಮೇಲೆಲ್ಲ ಜನ. ಇದ್ದಕ್ಕಿದ್ದಂತೆ ನಾಲ್ಕು ಹುಡುಗರು ಬಾವುಟ ಬೀಸುತ್ತಾ ವ್ಯಾನಿಗೆ ಅಡ್ಡ ನಿಂತರು. ಯಜಮಾನರಿಗೆ ಗಾಬರಿ, ಏನು ವಸೂಲಿಯೋ ಅಂತ. ಡ್ರೈವರ್ ನಗುತ್ತಾ ಇಳಿದ. ಅದು ದನ್ಸಲ. ಹುಣ್ಣಿಮೆಗೆ ಊರವರೆಲ್ಲ ಚಂದಾ ಹಾಕಿ ದಾರಿಹೋಕರಿಗೆ ಊಟ, ಪಾನಕ ಕೊಡುವ ಚಪ್ಪರ. ಬೇಡ ಅಂದರೂ ಬಿಡುವುದಿಲ್ಲ. ಒಣಗಿಸಿದ ಬಿಲ್ವದ ಹೂವು ಕುದಿಸಿದ ಬಿಸಿ ಕಷಾಯ, ಕಚ್ಚಿಕೊಳ್ಳೋಕೆ ಒಂದು ಚೂರು ಬೆಲ್ಲ. ಅಜ್ಜಿ ಎರಡು ಲೋಟ ಕುಡಿದರು. ಅಲ್ಲಿಂದ ಅರ್ಧ ಮೈಲಿ ಹೋಗುವಷ್ಟರಲ್ಲಿ ಇನ್ನೊಂದು ಗುಂಪು, ಇನ್ನೊಂದು ಬಾವುಟ. ಅನ್ನ, ಬೇಳೆ ಪಲ್ಯ, ಹಪ್ಪಳ.

ಸಾಯಂಕಾಲ ಊರು ಸೇರಿದೆವು. ರೂಮಿಲ್ಲ. ಒಂದು ಕಡೆಯಲ್ಲ, ಎಲ್ಲೂ ಇಲ್ಲ. ಯಜಮಾನರಿಗೆ ಒಂದು ಬಿಯರ್ ಆದರೂ ಸಿಕ್ಕಿದ್ದರೆ ಸಮಾಧಾನ ಆಗುತ್ತಿತ್ತೋ ಏನೋ, ಅದಕ್ಕೂ ಬೀಗ. ಕಡೆಗೆ ರುವಾನ್‌ವೆಲಿಸಾಯ ಸ್ತೂಪದ ಹತ್ತಿರ ಬಯಲಲ್ಲಿ, ಸಾವಿರಾರು ಯಾತ್ರಿಕರ ನಡುವೆ ನಾವೂ ಚಾಪೆ ಹಾಸಿದೆವು. ದುಟ್ಟಗಾಮಣಿ ರಾಜ ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಕಟ್ಟಿಸಲು ಶುರುಮಾಡಿದ ಸ್ತೂಪ. ಬೆಳ್ಳಗೆ, ದೊಡ್ಡದಾಗಿ, ಸುತ್ತ ಗೋಡೆಯಲ್ಲಿ ಸಾಲಾಗಿ ಆನೆಗಳ ತಲೆ. ಯಜಮಾನರು ಮೊಬೈಲ್ ಚಾರ್ಜ್ ಹಾಕೋಕೆ ಜಾಗ ಹುಡುಕುತ್ತಿದ್ದರು. ಅಜ್ಜಿ ಮಾತ್ರ ಚಪ್ಪಲಿ ಬಿಟ್ಟು ಸ್ತೂಪದ ಹತ್ತಿರ ಹೋಗಿ ಕುಳಿತರು. ಪಕ್ಕದಲ್ಲಿ ಒಬ್ಬಾಕೆ ಸಿಂಹಳದ ಮುದುಕಿ, ಮಡಿಲಲ್ಲಿ ನೀಲಿ ನೈದಿಲೆಯ ಕಟ್ಟು. ಮೊಗ್ಗಿನ ಎಸಳನ್ನು ಒಂದೊಂದಾಗಿ ಹೊರಕ್ಕೆ ಮಡಚಿ ಅರಳಿಸುತ್ತಿದ್ದಳು. ಅರ್ಧ ಕಟ್ಟು ನಮ್ಮ ಅಜ್ಜಿಯ ಕೈಗೆ ಕೊಟ್ಟು, ಹೀಗೆ ಅಂತ ತೋರಿಸಿದಳು. ಅವಳದು ಸಿಂಹಳ, ಇವರದು ದಾವಣಗೆರೆ ಕನ್ನಡ. ಇಬ್ಬರೂ ನಡುರಾತ್ರಿವರೆಗೆ ಮಾತಾಡಿದರು! ಏನು ಮಾತಾಡಿದಿರಿ ಅಂತ ಕೇಳಿದೆ. "ಆಕಿ ಸೊಸಿದು ಏನೋ ತಕರಾರದ" ಅಂದರು.

ಬೆಳಿಗ್ಗೆ ಯಜಮಾನರಿಗೆ ಸೊಂಟ ಹಿಡಿದುಕೊಂಡಿತ್ತು. ಸಿಗಿರಿಯದ ಬಂಡೆಗೆ ಸುಮಾರು 1,200 ಮೆಟ್ಟಿಲು, ಅದರ ಹೆಸರೆತ್ತಿದರೆ ಸಿಡಿಮಿಡಿ. ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ನೆತ್ತಿ ಮೇಲೆ ಅರಮನೆ ಕಟ್ಟಿಸಿದ ಜಾಗ, ಬಾಗಿಲಲ್ಲಿ ಸಿಂಹದ ಪಂಜ, ನಡುವಿನ ಗುಹೆಯಲ್ಲಿ ಅಪ್ಸರೆಯರ ಚಿತ್ರ. ನೋಡದೆ ವಾಪಸ್ಸು ಬಂದರು. ಈಗಲೂ ಯಜಮಾನರು ಲಂಕೆ ಅಂದರೆ ಬೈಯುತ್ತಾರೆ, ಅಜ್ಜಿ ಮತ್ತೆ ಯಾವಾಗ ಅಂತ ಕೇಳುತ್ತಾರೆ.

ಪೋಯ ದಿನ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಬೇಕು ಅಂತಲೇ ಹೋಗಿ, ಎರಡು ತಿಂಗಳು ಮೊದಲೇ ರೂಮು ಮಾಡಿ, ಒಂದು ಜೊತೆ ಬಿಳಿ ಬಟ್ಟೆ ಇಟ್ಟುಕೊಂಡು ಹೋಗಿ. ಅಥವಾ ಬೇಡ ಅಂತಲೇ ಆ ವಾರ ಬಿಡಿ. ತಿಳಿಯದೆ ಹೋಗಿ ಸಿಕ್ಕಿಕೊಳ್ಳಬೇಡಿ. ನಿಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲೇ ಹುಣ್ಣಿಮೆ ಇದೆಯಲ್ಲ, ನೋಡೋಕೆ ಏನು ಕಷ್ಟ? ಅಧಿಕ ಮಾಸ ಬಂದ ವರ್ಷ ಹೆಸರು ಅದಲುಬದಲಾಗಬಹುದು, ಅಲ್ಲಿಯ ಸರ್ಕಾರದ ರಜೆಪಟ್ಟಿಯನ್ನೂ ಒಮ್ಮೆ ನೋಡಿ.

ಕ್ಯಾಲೆಂಡರಿನಲ್ಲಿ ನೋಡಬೇಕಾದ ಎರಡನೆಯದು ಮಳೆ. ಅಲ್ಲಿ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ, ನಮ್ಮ ಮಂಗಳೂರಿಗೆ ಬರುವ ಮಳೆಯೇ. ಆಗ ಕೊಲಂಬೊ, ಗಾಲೆ, ನುವಾರ ಎಲಿಯ ಒದ್ದೆ. ನಡುವೆ ಬೆಟ್ಟಸಾಲು ಅಡ್ಡ ಇರುವುದರಿಂದ ಆಚೆ ಪೂರ್ವ ಕರಾವಳಿ, ತ್ರಿಕೋಣಮಲೆ ಕಡೆ ಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿ ಈಶಾನ್ಯ ಮಾರುತ, ಆಗ ಪೂರ್ವಕ್ಕೆ ಮಳೆ, ಗಾಲೆ ಕಡೆ ಬಿಸಿಲು. ಮಕ್ಕಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಸಮುದ್ರ ತೋರಿಸಬೇಕಾ, ಗಾಲೆಗೆ ಹೋಗಿ. ದಸರಾ ರಜೆಯಲ್ಲಾದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ, ಬೆಟ್ಟ ಹತ್ತುವುದನ್ನು ಬೆಳಿಗ್ಗೆಯೇ ಮುಗಿಸಿ. ಏಪ್ರಿಲ್ ನಡುವೆ ಸಿಂಹಳ, ತಮಿಳು ಹೊಸವರ್ಷ. ಆಗ ಕೊಲಂಬೊದವರೆಲ್ಲ ಊರಿಗೆ ಹೋಗಿರುತ್ತಾರೆ, ಅಂಗಡಿ, ಹೋಟೆಲು ಮುಚ್ಚಿರುತ್ತವೆ.

ನೋಡಿ, ಸಮಯ ಮುಗಿಯುತ್ತಾ ಬಂತು, ದಾವಣಗೆರೆಯವರೇ ಅರ್ಧ ತಿಂದುಬಿಟ್ಟರು. ಉಳಿದದ್ದು ಬೇಗ ಹೇಳಿಬಿಡುತ್ತೇನೆ.

ದೇವಸ್ಥಾನಗಳಲ್ಲಿ ಭುಜ, ಮೊಣಕಾಲು ಮುಚ್ಚುವ ಬಟ್ಟೆ. ಟೋಪಿ, ಚಪ್ಪಲಿ ಹೊರಗೆ. ಹನ್ನೆರಡು ಗಂಟೆಯ ಬಿಸಿಲಿಗೆ, ಇನ್ನೊಂದು ಹಳೆಯ ರಾಜಧಾನಿ ಪೊಲೊನ್ನರುವದ ಕಲ್ಲುಹಾಸು ಕಾದ ಕಾವಲಿ. ಹಳೆಯ ಕಾಲುಚೀಲ ಹಾಕಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ಬೇಡವೇ ಬೇಡ. ಅಲ್ಲಿ ಅದು ತಮಾಷೆಯ ವಿಷಯವಲ್ಲ, ಪೊಲೀಸರವರೆಗೂ ಹೋಗುತ್ತೆ. ಕೈ ಮೇಲೆ ಬುದ್ಧನ ಹಚ್ಚೆ ಇದ್ದರೆ ತುಂಬುತೋಳು ಹಾಕಿ.

ಸಸ್ಯಾಹಾರಿಗಳೇ, ಅಲ್ಲಿಯ ತೆಂಗಿನಕಾಯಿ ಚಟ್ನಿ, ಪೊಲ್ ಸಂಬೋಲ, ನೋಡಿ ಮೋಸಹೋಗಬೇಡಿ. ಅದರಲ್ಲಿ ಉಂಬಲಕಡ ಅಂತ ಒಣಮೀನಿನ ಪುಡಿ ಹಾಕುವುದುಂಟು. ಉಂಬಲಕಡ ಬೇಡ ಅಂತ ಮೊದಲೇ ಹೇಳಿ. ಅಪ್ಪ, ಇಡಿಯಪ್ಪ, ಬೇಳೆ ಪಲ್ಯ ಎಲ್ಲಾ ಕಡೆ ಸಿಗುತ್ತೆ, ಹೊಟ್ಟೆಗೆ ತೊಂದರೆ ಇಲ್ಲ.

ಸಿಗಿರಿಯ, ಪೊಲೊನ್ನರುವದ ಟಿಕೆಟ್ ಕಿಟಕಿಗೆ ಪಾಸ್‌ಪೋರ್ಟ್ ಹಿಡಿದೇ ಹೋಗಿ, ನಮ್ಮ ದೇಶವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ದರ ಕಡಿಮೆ. ಬೆಟ್ಟದ ರೈಲು ಹತ್ತುವ ಆಸೆ ಇದ್ದವರು, ಮಳೆಗೆ ಗುಡ್ಡ ಕುಸಿದರೆ ರೈಲು ನಿಂತುಹೋಗುತ್ತೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಇಟ್ಟು ಪೂಜಿಸುವ ದಂತ ದೇಗುಲಕ್ಕೆ ಪೂಜೆಯ ಹೊತ್ತಿಗೆ ಹೋಗಿ, ಡೋಲು ಬಾರಿಸುವಾಗ. ಎಸಲ ಪೆರಹೆರಾ, ಅಂದರೆ ಆನೆಗಳ ಮೆರವಣಿಗೆ, ನೋಡಬೇಕು ಅನ್ನುವವರು ಜುಲೈ–ಆಗಸ್ಟ್‌ನಲ್ಲಿ ಹೋಗಬೇಕು. ರಾತ್ರಿ ರಾತ್ರಿಗೂ ದೊಡ್ಡದಾಗುತ್ತಾ ಹೋಗಿ ಹುಣ್ಣಿಮೆಯ ಹೊತ್ತಿಗೆ ಮುಗಿಯುತ್ತೆ. ರಸ್ತೆ ಬದಿಯ ಕುರ್ಚಿಗೂ ದುಡ್ಡು ಕೊಟ್ಟು ಮೊದಲೇ ಜಾಗ ಹಿಡಿಯಬೇಕು. ಆ ತಾರೀಖು ಯಾವುದು ಅಂತ ದಯವಿಟ್ಟು ಟಿಕೆಟ್ ತೆಗೆದುಕೊಂಡ ಮೇಲೆ ನನಗೆ ಫೋನ್ ಮಾಡಬೇಡಿ.

ನಮಸ್ಕಾರ.