ಕಾಯಿಲೆ ರಾಜನಿಗೆ, ಉಪವಾಸ ಊರಿಗೆ

ನಮಸ್ಕಾರ. ಪಟ್ಟಾಭಿಷೇಕಕ್ಕೆ ಗೊತ್ತುಮಾಡಿದ್ದ ದಿನ ಊರಿನವರೇ ತಮ್ಮೂರಿನ ಅಂಗಡಿಗಳ ಗಾಜು ಒಡೆದ ಕಥೆಯೊಂದಿದೆ. ಅವರಿಗೆ ರಾಜನ ಮೇಲೆ ಮುನಿಸಿರಲಿಲ್ಲ. ಔತಣ ತಪ್ಪಿತ್ತು, ಅಷ್ಟೇ.

1902ರ ಜೂನ್ 26ರಂದು ಏಳನೆಯ ಎಡ್ವರ್ಡ್ ಕಿರೀಟ ಧರಿಸಬೇಕಿತ್ತು. ಬ್ರಿಟನ್ನಿನಲ್ಲಿ ಹಿಂದಿನ ಪಟ್ಟಾಭಿಷೇಕ ನಡೆದದ್ದು 1838ರಲ್ಲಿ. ಅದನ್ನು ಕಂಡ ನೆನಪಿದ್ದವರು ಮುದುಕರು ಮಾತ್ರ. ಆದ್ದರಿಂದ ಊರೂರಲ್ಲೂ ಊಟ, ಮಕ್ಕಳಿಗೆ ಸಿಹಿ, ರಾತ್ರಿ ಆಕಾಶ ಬೆಳಗುವಂತೆ ಸೌದೆಯ ರಾಶಿಗೆ ಬೆಂಕಿ, ಎಲ್ಲಕ್ಕೂ ಸಿದ್ಧತೆ ನಡೆದಿತ್ತು. ಲಂಡನ್ನಿನ ವಾಯವ್ಯಕ್ಕಿರುವ ವಾಟ್‌ಫರ್ಡ್ ಕೂಡ ಕಾಯುತ್ತಿತ್ತು. ಬಿಯರ್ ತಯಾರಿಕೆ, ಮುದ್ರಣಾಲಯಗಳನ್ನು ನೆಚ್ಚಿಕೊಂಡಿದ್ದ, ಸುಮಾರು 30,000 ಜನರ ದುಡಿಯುವ ಪಟ್ಟಣ ಅದು.

ಎರಡೇ ದಿನ ಬಾಕಿಯಿರುವಾಗ ರಾಜನ ಹೊಟ್ಟೆಯಲ್ಲಿ ಕೀವುಗಟ್ಟಿ ಅರಮನೆಯಲ್ಲೇ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಾಭಿಷೇಕ ಮುಂದಕ್ಕೆ ಹೋಯಿತು. ಗಮನಿಸಿ: ಲಂಡನ್ನಿನ ಸಂಭ್ರಮ ಮಾತ್ರ ನಿಲ್ಲಲಿ, ಉಳಿದ ಊರುಗಳಲ್ಲಿ ಗೊತ್ತುಮಾಡಿದಂತೆಯೇ ನಡೆಯಲಿ ಎಂಬುದು ರಾಜನ ಆಶಯವೆಂದು ಅಂದೇ ಪ್ರಕಟಣೆ ಹೊರಟಿತು. ವಾಟ್‌ಫರ್ಡಿನ ಆಡಳಿತ ನಡೆಸುವವರು ಮಾತ್ರ ಎಲ್ಲವನ್ನೂ ಮುಂದೂಡಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ! 26ರ ರಾತ್ರಿ ಜನ ಬೀದಿಗಿಳಿದರು. ಕಿಟಕಿಗಳು ಪುಡಿಯಾದವು, ಅಂಗಡಿಗಳು ಲೂಟಿಯಾದವು, ಹಲವರು ಪೊಲೀಸರ ಕೈಗೆ ಸಿಕ್ಕರು.

ಲೂಟಿಯನ್ನು ನಾನು ಸಮರ್ಥಿಸುವುದಿಲ್ಲ. ಬಟ್ಟೆಯನ್ನೋ ಬೂಟನ್ನೋ ಹೊತ್ತೊಯ್ದವನಿಗೆ ಹಸಿವಿನ ನೆಪ ಸಲ್ಲದು. ಆದರೆ ಮುಂದೂಡಿದವರ ರಾಜಭಕ್ತಿ ನನಗೆ ರುಚಿಸುವುದಿಲ್ಲ. ಔತಣ ನಿಂತರೆ ಪಟ್ಟಣಸಭೆಯ ಅಧ್ಯಕ್ಷರ ಮನೆಯ ಒಲೆ ಆರುವುದಿಲ್ಲ. ವರ್ಷಕ್ಕೊಮ್ಮೆ ಹೊಟ್ಟೆ ತುಂಬ ಮಾಂಸ ಉಣ್ಣುವವನ ತಟ್ಟೆ ಖಾಲಿಯಾಗುತ್ತದೆ. ಗೌರವ ತೋರಿಸಿದ್ದು ಒಬ್ಬರು, ಬೆಲೆ ತೆತ್ತದ್ದು ಇನ್ನೊಬ್ಬರು.

ರಾಜನ ಕಾಯಿಲೆಗೂ ಬಡವರ ಊಟಕ್ಕೂ ವಿರೋಧವೇನೂ ಇರಲಿಲ್ಲ. ಎಡ್ವರ್ಡ್ ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗಲೇ, ಜುಲೈ 5ರಂದು, ಲಂಡನ್ನಿನ ಸುಮಾರು ಐದು ಲಕ್ಷ ಬಡವರಿಗೆ ಅವನ ಹೆಸರಿನಲ್ಲಿ ಊಟ ಬಡಿಸಲಾಯಿತು. ಕೊನೆಗೆ ಕಿರೀಟಧಾರಣೆ ನಡೆದದ್ದು ಆಗಸ್ಟ್ 9ರಂದು. (ಅದರ ಹಿಂದಿನ ದಿನವೇ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವೈಸ್‌ರಾಯ್ ಕರ್ಜನ್ ಪೂರ್ಣಾಧಿಕಾರ ಒಪ್ಪಿಸಿದ್ದ.) ಐದು ಲಕ್ಷ ಎಲೆ ಹಾಕಿದ ಲಂಡನ್ನಿಗೆ ಅಡ್ಡಬಾರದ ಸೂತಕ ವಾಟ್‌ಫರ್ಡಿಗೆ ಮಾತ್ರ ಹೇಗೆ ತಗುಲಿತು? ಆ ಪ್ರಶ್ನೆಯನ್ನು ಸಭೆಯಲ್ಲೇ ಯಾರಾದರೂ ಗಟ್ಟಿಯಾಗಿ ಕೇಳಿದ್ದರೆ ಗಾಜಿನ ಖರ್ಚಾದರೂ ಉಳಿಯುತ್ತಿತ್ತು.